ಬೆಂಗಳೂರಿನಿಂದ ಹೋದ ಎಚ್ಚರಿಕೆ



ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಹೋಗುವಾಗ ಬೊಮ್ಮನಹಳ್ಳಿಯ ಬಳಿ ಬಲಕ್ಕೆ ತಿರುಗಿದರೆ ಬೇಗೂರು ಸಿಗುತ್ತದೆ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಒಂದು ಹಳಗನ್ನಡ ಶಾಸನವಿದೆ. ಸುಮಾರು ಕ್ರಿ.ಶ. 890ರದ್ದೆಂದು ವಿದ್ವಾಂಸರು ಹೇಳುವ ಈ ಶಾಸನದಲ್ಲಿ 'ಬೆಂಗಳೂರು' ಎಂಬ ಹೆಸರು ಬರುತ್ತದೆ. ಅದರಲ್ಲಿರುವುದು ಅರಮನೆಯ ವರ್ಣನೆಯಲ್ಲ, ದಾನದ ವಿವರವೂ ಅಲ್ಲ. ಬೆಂಗಳೂರಿನಲ್ಲಿ ನಡೆದ ಒಂದು ಕಾಳಗ ಮತ್ತು ಅದರಲ್ಲಿ ಆದ ಸಾವಿನ ಸುದ್ದಿ. ನಮ್ಮ ರಾಜಧಾನಿಯ ಹೆಸರು ಇತಿಹಾಸದಲ್ಲಿ ನಮಗೆ ಮೊದಲು ಎದುರಾಗುವುದೇ ಒಂದು ಕಾಳಗದ ಜೊತೆಯಲ್ಲಿ.

ಇಂತಹ ವೀರಗಲ್ಲುಗಳನ್ನು ನೀವು ನಿಮ್ಮ ಊರುಗಳಲ್ಲಿಯೂ ನೋಡಿರಬಹುದು. ಊರಿನ ತುರುಗಳನ್ನು ಹೊಡೆದುಕೊಂಡು ಹೋಗಲು ಬಂದವರೊಡನೆ ಹೋರಾಡಿ ಮಡಿದವನಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು. ಅದು ಸರಿಯಾದ ಗೌರವವೇ. ಆದರೆ ಒಂದು ಕ್ಷಣ ಯೋಚಿಸಿ ನೋಡಿ. ಕಳ್ಳರು ಇನ್ನೂ ಊರ ಗಡಿಯಲ್ಲಿರುವಾಗಲೇ ನಾಯಿ ಬೊಗಳುವ ದನಿ ಬದಲಾದುದನ್ನು ಗಮನಿಸಿ, ಕೂಗು ಹಾಕಿ ಊರನ್ನೆಬ್ಬಿಸಿದ ತಳವಾರನೊಬ್ಬ ಇದ್ದಿರಬಹುದಲ್ಲವೇ? ಆ ರಾತ್ರಿ ಕಾಳಗವೇ ನಡೆಯಲಿಲ್ಲ. ಯಾರೂ ಸಾಯಲಿಲ್ಲ. ಆದ್ದರಿಂದ ಕಲ್ಲೂ ನಿಲ್ಲಲಿಲ್ಲ.

ಈ ಲೇಖನ ಅಂತಹ ಕೂಗು ಹಾಕುವವರನ್ನು ಕುರಿತದ್ದು. ಇಂದು ಬೆಂಗಳೂರಿನ ಹೊರವಲಯದ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಮೊದಲಾದೆಡೆ ಸಾವಿರಾರು ಯುವಕ ಯುವತಿಯರು ಹಗಲೂ ರಾತ್ರಿಯೂ ಗಣಕಯಂತ್ರಗಳ ಜಾಲಗಳನ್ನು ಕಾಯುತ್ತಿದ್ದಾರೆ. ಕಳ್ಳನನ್ನು ಗುರುತಿಸುವ ನಿಯಮಗಳನ್ನು ಬರೆಯುವವರಿಗೆ 'ಥ್ರೆಟ್ ಡಿಟೆಕ್ಷನ್ ಎಂಜಿನಿಯರ್' ಎಂದು ಹೆಸರು. ನಾವು 'ಅಪಾಯ ಪತ್ತೆಯ ಎಂಜಿನಿಯರ್' ಎನ್ನೋಣ. ಈ ಕೆಲಸ ಹೇಗೆ ಹುಟ್ಟಿತು, ಬೆಂಗಳೂರಿಗೆ ಹೇಗೆ ಬಂತು, ಬೆಂಗಳೂರು ಹಾಕಿದ ಒಂದು ಕೂಗನ್ನು ಲೋಕ ಏಕೆ ಕೇಳಿಸಿಕೊಳ್ಳಲಿಲ್ಲ ಎಂಬುದನ್ನು ನೋಡೋಣ.

ಎಪ್ಪತ್ತೈದು ಸೆಂಟಿನ ಲೆಕ್ಕ

ಮನೆಗೆ ಬೀಗ ಹಾಕುವುದು ಒಂದು ಕೆಲಸ. ಬೀಗ ಒಡೆದವನು ಒಳಗಿದ್ದಾನೆಯೇ ಎಂದು ತಿಳಿಯುವುದು ಬೇರೆಯೇ ಕೆಲಸ. ಗಣಕಯಂತ್ರಗಳ ಲೋಕದಲ್ಲಿ ಮೊದಲು ಎಲ್ಲರೂ ಬೀಗದ ಬಗ್ಗೆಯೇ ಚಿಂತಿಸಿದರು. 1980ರಲ್ಲಿ ಅಮೆರಿಕದ ಜೇಮ್ಸ್ ಆಂಡರ್ಸನ್ ಎಂಬ ತಜ್ಞರು ಒಂದು ವರದಿಯಲ್ಲಿ ಬೇರೆ ದಾರಿಯನ್ನು ತೋರಿಸಿದರು. ಯಾರು ಯಾವಾಗ ಒಳಬಂದರು, ಏನನ್ನು ತೆರೆದರು ಎಂಬುದನ್ನು ಯಂತ್ರವು ಹೇಗೂ ಬರೆದಿಡುತ್ತದೆ. ಆ ದಾಖಲೆಗಳನ್ನು ಓದಿದರೆ ಬೇರೊಬ್ಬರ ಗುರುತು ಹಿಡಿದು ಬಂದವನನ್ನೂ ಪತ್ತೆ ಮಾಡಬಹುದು ಎಂಬುದು ಅವರ ವಾದ. 1987ರಲ್ಲಿ ಡೊರೊತಿ ಡೆನ್ನಿಂಗ್ ಎಂಬ ವಿದುಷಿ ಈ ವಿಚಾರಕ್ಕೆ ಗಣಿತದ ರೂಪ ಕೊಟ್ಟರು. ಪ್ರತಿಯೊಬ್ಬ ಬಳಕೆದಾರನಿಗೂ ಅವನದೇ ಆದ ರೂಢಿ ಇರುತ್ತದೆ. ಆ ರೂಢಿಯಿಂದ ಬಹಳ ದೂರ ಸರಿದ ನಡವಳಿಕೆ ಕಂಡಾಗ ಎಚ್ಚರಿಕೆಯ ಗಂಟೆ ಬಾರಿಸಬೇಕು. ಇಂದಿನ ಪತ್ತೆ ವಿದ್ಯೆಯ ಬೇರು ಇಲ್ಲಿದೆ.

ಇವರಿಬ್ಬರ ಬರಹಗಳ ನಡುವಿನ ವರ್ಷಗಳಲ್ಲಿ ನಡೆದ ಒಂದು ಘಟನೆ ಬಹಳ ಸ್ವಾರಸ್ಯಕರವಾದುದು. 1986ರ ಆಗಸ್ಟ್ ತಿಂಗಳು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ ಗಣಕಯಂತ್ರಗಳ ಉಸ್ತುವಾರಿಗೆ ಬಂದಿದ್ದರು. ಯಂತ್ರವನ್ನು ಬಳಸಿದ ಹೊತ್ತಿಗೆ ತಕ್ಕಂತೆ ಅಲ್ಲಿ ಬಾಡಿಗೆ ಲೆಕ್ಕ ಹಾಕುತ್ತಿದ್ದರು. ಆ ತಿಂಗಳ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡಿತು. ಒಂದು ಡಾಲರೂ ಅಲ್ಲ! ಬೇರೆಯವರಾಗಿದ್ದರೆ ಕೈಯಿಂದ ಕೊಟ್ಟು ಸುಮ್ಮನಾಗುತ್ತಿದ್ದರೋ ಏನೋ. ಸ್ಟೋಲ್ ಸುಮ್ಮನಾಗಲಿಲ್ಲ. ಹೊರಗಿನಿಂದ ಬರುವ ದೂರವಾಣಿ ತಂತಿಗಳಿಗೆ ಮುದ್ರಣ ಯಂತ್ರಗಳನ್ನು ಜೋಡಿಸಿ, ರಾತ್ರಿಯೆಲ್ಲ ಪ್ರಯೋಗಾಲಯದಲ್ಲೇ ಮಲಗಿ, ಅಪರಿಚಿತನು ಒತ್ತಿದ ಒಂದೊಂದು ಅಕ್ಷರವನ್ನೂ ಕಾಗದದ ಮೇಲೆ ಹಿಡಿದರು. ತಿಂಗಳುಗಟ್ಟಲೆ ಬೆನ್ನು ಹತ್ತಿದ ಮೇಲೆ ಆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ನಗರವನ್ನು ಮುಟ್ಟಿತು. ಅಮೆರಿಕದ ಸೇನಾ ಗಣಕಯಂತ್ರಗಳಿಂದ ಮಾಹಿತಿ ಕದ್ದು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದ ಗುಂಪಿನ ಒಬ್ಬಾತ ಅಲ್ಲಿದ್ದ.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ಒಂದು ಕ್ರಮವಿಧಿ ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತ ಹರಡಿತು. ಆಗ ಅಂತರಜಾಲದಲ್ಲಿದ್ದ ಸುಮಾರು 60,000 ಯಂತ್ರಗಳಲ್ಲಿ 6,000 ಯಂತ್ರಗಳು ಇದಕ್ಕೆ ಸಿಕ್ಕಿದವೆಂದು ಅಂದಾಜು. ಪರಿಹಾರ ತಿಳಿದವರು ಕೆಲವರಿದ್ದರು. ಅದನ್ನು ಇತರರಿಗೆ ತಿಳಿಸಲು ಒಂದು ಕೇಂದ್ರವೇ ಇರಲಿಲ್ಲ. ಇದರ ಫಲವಾಗಿ ಅದೇ ವರ್ಷ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ 'ಸರ್ಟ್' ಎಂಬ ತುರ್ತು ಸ್ಪಂದನ ಕೇಂದ್ರ ಹುಟ್ಟಿತು.

ಸ್ಟೋಲ್ ಅವರ ಕಥೆಯಿಂದ ಒಂದು ಪಾಠ, ಮಾರಿಸ್ ಹುಳುವಿನ ಕಥೆಯಿಂದ ಇನ್ನೊಂದು ಪಾಠ ಸಿಗುತ್ತದೆ. ಸಣ್ಣ ವ್ಯತ್ಯಾಸವನ್ನು ಗಮನಿಸಬೇಕು. ಗಮನಿಸಿದ್ದನ್ನು ಕೇಳಬೇಕಾದವರಿಗೆ ತಲುಪಿಸಬೇಕು. ಈ ಎರಡನೆಯ ಪಾಠವನ್ನು ನೆನಪಿನಲ್ಲಿಡಿ. ಮುಂದೆ ಅದರ ಅಗತ್ಯ ಬರುತ್ತದೆ.

ಮೂರು ಬಡಾವಣೆಗಳು

ಈಗ ನಮ್ಮ ಬೆಂಗಳೂರಿಗೆ ಬರೋಣ. ನಗರದ ಹೊರವಲಯದ ಮೂರು ಪ್ರದೇಶಗಳು ಮೂರು ಕಾಲದಲ್ಲಿ ಮೂರು ಉದ್ದೇಶಗಳಿಗಾಗಿ ಬೆಳೆದವು.

ಪೂರ್ವದ ವೈಟ್‌ಫೀಲ್ಡ್ ಎಲ್ಲಕ್ಕಿಂತ ಹಳೆಯದು. 1882ರಲ್ಲಿ ಡಿ. ಎಸ್. ವೈಟ್ ಎಂಬುವರ ಮುಂದಾಳುತನದಲ್ಲಿ, ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ, ಆಂಗ್ಲೋ ಇಂಡಿಯನ್ನರ ಬೇಸಾಯದ ನೆಲೆಯಾಗಿ ಅದು ಆರಂಭವಾಯಿತು. ವಾಯುವ್ಯದ ತುಮಕೂರು ರಸ್ತೆಯಲ್ಲಿರುವ ಪೀಣ್ಯ 1970ರ ದಶಕದಲ್ಲಿ ಸಣ್ಣ ಕೈಗಾರಿಕೆಗಳ ನೆಲೆಯಾಗಿ ಬೆಳೆಯಿತು. ಲೇತು, ಅಚ್ಚು, ಲೇಪನ, ಮೋಟಾರು, ಸಿದ್ಧ ಉಡುಪು, ಹೀಗೆ ನೂರಾರು ಬಗೆಯ ಕೆಲಸ ಅಲ್ಲಿದೆ. ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿ ಒಂದು ಕನಸಿನ ಫಲ. 1976ರಲ್ಲಿ ರಾಜ್ಯ ಸರ್ಕಾರ ಸ್ಥಾಪಿಸಿದ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗ ಅವರು ಬೆಂಗಳೂರನ್ನು ವಿದ್ಯುನ್ಮಾನ ಉದ್ಯಮದ ಕೇಂದ್ರವಾಗಿಸಬೇಕೆಂದು ಬಯಸಿದರು. 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಮೀನಿನಲ್ಲಿ ಆ ಕನಸು ಮೊಳೆಯಿತು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಸಂಸ್ಥೆ ಬೆಂಗಳೂರಿಗೆ ಬಂತು. ಇಲ್ಲಿ ಬರೆದ ತಂತ್ರಾಂಶ ಉಪಗ್ರಹದ ಮೂಲಕ ಸಮುದ್ರ ದಾಟತೊಡಗಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸಂಸ್ಥೆ ಸ್ಥಾಪನೆಯಾಗಿ ಸಣ್ಣ ಕಂಪನಿಗಳಿಗೂ ಇಂತಹ ಸಂಪರ್ಕ ದೊರೆಯುವಂತಾಯಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ವೈಟ್‌ಫೀಲ್ಡಿನ ಹೊಲಗಳ ನಡುವೆ ಸಿಂಗಪುರದ ಸಹಭಾಗಿತ್ವದಲ್ಲಿ ಎತ್ತರದ ಟೆಕ್ ಪಾರ್ಕ್ ಎದ್ದು ನಿಂತಿತು. 2000ನೆಯ ಇಸವಿ ಸಮೀಪಿಸಿದಾಗ ಹಳೆಯ ಗಣಕಯಂತ್ರಗಳು ದಿನಾಂಕವನ್ನು ತಪ್ಪಾಗಿ ಓದಿಯಾವೆಂಬ ಭಯ ಲೋಕವನ್ನೆಲ್ಲ ಆವರಿಸಿತು. ಸಾಲು ಸಾಲಾಗಿ ಹಳೆಯ ಕ್ರಮವಿಧಿಗಳನ್ನು ಓದಿ ತಿದ್ದಿದವರಲ್ಲಿ ನಮ್ಮವರೂ ಬಹಳ ಮಂದಿ ಇದ್ದರು. ಜನವರಿ 1ರಂದು ದೊಡ್ಡ ಅನಾಹುತವೇನೂ ಆಗಲಿಲ್ಲ. ಆಗ ಕೆಲವರು "ಇಷ್ಟಕ್ಕೇ ಇಷ್ಟೊಂದು ಗದ್ದಲವೇ?" ಎಂದು ನಕ್ಕರು. ಏನೂ ಆಗದಂತೆ ನೋಡಿಕೊಂಡವನ ಕೆಲಸ ಕಣ್ಣಿಗೆ ಬೀಳದು ಎಂಬುದಕ್ಕೆ ಇದೊಂದು ಉದಾಹರಣೆ.

ಕಾವಲಿನ ವ್ಯವಸ್ಥೆಯೂ ಮೆಲ್ಲಗೆ ರೂಪುಗೊಂಡಿತು. 2000ದ ಅಕ್ಟೋಬರ್ 17ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂತು. 2001ರಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ಆರಂಭವಾಯಿತು. 2004ರ ಜನವರಿಯಲ್ಲಿ ಕೇಂದ್ರ ಸರ್ಕಾರದ ತುರ್ತು ಸ್ಪಂದನ ತಂಡ 'ಸರ್ಟ್-ಇನ್' ಕೆಲಸ ಆರಂಭಿಸಿತು.

ಜೊತೆಗೆ ಭೂಗೋಳವೂ ನೆರವಾಯಿತು. ಚಳಿಗಾಲದಲ್ಲಿ ಅಮೆರಿಕದ ನಡುಭಾಗಕ್ಕೂ ನಮಗೂ ಹನ್ನೊಂದೂವರೆ ಗಂಟೆಗಳ ಅಂತರ. ಅವರ ಸಂಜೆ ನಮ್ಮ ಬೆಳಗು. ಅವರು ಮಲಗುವ ಹೊತ್ತಿನಲ್ಲಿ ಕಾಯಲು ನಮ್ಮವರು ಎಚ್ಚರವಾಗಿರುತ್ತಾರೆ. ಹೀಗೆ ಲೋಕದ ದೊಡ್ಡ ಸಂಸ್ಥೆಗಳು ತಮ್ಮ ಜಾಲಗಳ ಕಾವಲನ್ನು ಬೆಂಗಳೂರಿಗೆ ಒಪ್ಪಿಸತೊಡಗಿದವು.

2013ರ ನವೆಂಬರ್ 30

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಟಾರ್ಗೆಟ್ ಎಂಬ ದೊಡ್ಡ ಚಿಲ್ಲರೆ ವ್ಯಾಪಾರ ಸಂಸ್ಥೆಯ ಕೇಂದ್ರ ಕಚೇರಿ ಇದೆ. ಬಟ್ಟೆ, ದಿನಸಿ, ಆಟಿಕೆ ಎಲ್ಲವನ್ನೂ ಮಾರುವ ಸಾವಿರಕ್ಕೂ ಹೆಚ್ಚು ಅಂಗಡಿಗಳು ಅದಕ್ಕಿದ್ದವು. ಅದರ ಜಾಲವನ್ನು ಕಾಯುವ ಒಂದು ತಂಡ ಬೆಂಗಳೂರಿನಲ್ಲಿತ್ತು. ಅನುಮಾನ ಬಂದರೆ ಬೆಂಗಳೂರಿನ ತಂಡ ಮಿನಿಯಾಪೊಲಿಸ್‌ನ ಭದ್ರತಾ ಕೇಂದ್ರಕ್ಕೆ ತಿಳಿಸಬೇಕು. ಕ್ರಮ ಕೈಗೊಳ್ಳಬೇಕಾದವರು ಅಲ್ಲಿನವರು. ಕೆಲವೇ ತಿಂಗಳ ಹಿಂದೆ ಸಂಸ್ಥೆಯು ಫೈರ್‌ಐ ಎಂಬ ಕಂಪನಿಯ ಪತ್ತೆ ಉಪಕರಣವನ್ನು ಸುಮಾರು 16 ಲಕ್ಷ ಡಾಲರ್ ಕೊಟ್ಟು ಅಳವಡಿಸಿತ್ತು.

ಕಳ್ಳರು ಮುಂಬಾಗಿಲಿನಿಂದ ಬರಲಿಲ್ಲ. ಅಂಗಡಿಗಳ ಶೀತಕ ಹಾಗೂ ಹವಾನಿಯಂತ್ರಣ ವ್ಯವಸ್ಥೆಯ ಕೆಲಸ ಮಾಡುತ್ತಿದ್ದ ಪೆನ್ಸಿಲ್ವೇನಿಯಾದ ಒಂದು ಗುತ್ತಿಗೆ ಸಂಸ್ಥೆಗೆ ಜಾಲದೊಳಕ್ಕೆ ಬರಲು ಗುಪ್ತಪದವಿತ್ತು. ಅದನ್ನು ಕದ್ದು, ಅದೇ ದಾರಿಯಿಂದ ಒಳನುಗ್ಗಿದರು. ಅಲ್ಲಿಂದ ಮೆಲ್ಲಗೆ ಸರಿಯುತ್ತ ಅಂಗಡಿಗಳಲ್ಲಿ ಹಣ ಪಾವತಿಸುವ ಯಂತ್ರಗಳನ್ನು ತಲುಪಿದರು. ಗಿರಾಕಿ ತನ್ನ ಕಾರ್ಡನ್ನು ಉಜ್ಜಿದೊಡನೆ ಅದರ ವಿವರ ಕಳ್ಳ ತಂತ್ರಾಂಶದ ಕೈಗೆ ಸಿಗುತ್ತಿತ್ತು. ಅವರು ಆರಿಸಿಕೊಂಡ ಕಾಲವನ್ನು ನೋಡಿ. ನವೆಂಬರ್ 28 ಅಮೆರಿಕನ್ನರ 'ಥ್ಯಾಂಕ್ಸ್ ಗಿವಿಂಗ್' ಹಬ್ಬ. ಮರುದಿನದಿಂದ ಕ್ರಿಸ್‌ಮಸ್‌ವರೆಗೆ ಅಂಗಡಿಗಳಲ್ಲಿ ಜಾತ್ರೆಯೇ ಜಾತ್ರೆ.

ನವೆಂಬರ್ 30, ಶನಿವಾರ. ಕದ್ದು ಕೂಡಿಟ್ಟ ಮಾಹಿತಿಯನ್ನು ಹೊರಕ್ಕೆ ಸಾಗಿಸುವ ತಂತ್ರಾಂಶವನ್ನು ಕಳ್ಳರು ಜಾಲದಲ್ಲಿಟ್ಟರು. ಫೈರ್‌ಐ ಉಪಕರಣ ಅದನ್ನು ಹಿಡಿಯಿತು. ಎಚ್ಚರಿಕೆ ಬೆಂಗಳೂರಿಗೆ ಬಂತು. ಬೆಂಗಳೂರಿನ ತಂಡ ಅದನ್ನು ಮಿನಿಯಾಪೊಲಿಸ್‌ಗೆ ತಿಳಿಸಿತು. ಅಲ್ಲಿಗೆ ಎಲ್ಲವೂ ನಿಂತುಹೋಯಿತು. ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಪತ್ರಿಕೆ 2014ರ ಮಾರ್ಚ್ ತಿಂಗಳಲ್ಲಿ ಈ ಸಂಗತಿಯನ್ನು ಬಯಲಿಗೆ ತಂದಿತು. ಡಿಸೆಂಬರ್ 2ರಂದು ಮತ್ತೊಮ್ಮೆ ಎಚ್ಚರಿಕೆ ಬಂತು. ಮಾಹಿತಿ ಜಾಲದಿಂದ ಹೊರಕ್ಕೆ ಹರಿಯತೊಡಗಿದುದು ಆಗಲೇ. ಅಂದರೆ ಮೊದಲ ಕೂಗಿಗೂ ಕಳವಿನ ಸಾಗಣೆಗೂ ನಡುವೆ ಸುಮಾರು ಎರಡು ದಿನಗಳ ಅವಕಾಶವಿತ್ತು. ಅಪಾಯಕಾರಿ ತಂತ್ರಾಂಶವನ್ನು ತಾನಾಗಿಯೇ ಅಳಿಸಿಹಾಕುವ ಸೌಲಭ್ಯ ಆ ಉಪಕರಣದಲ್ಲಿತ್ತು. ಅದನ್ನು ಮುಚ್ಚಿಡಲಾಗಿತ್ತು.

ಡಿಸೆಂಬರ್ 12ರಂದು ಅಮೆರಿಕದ ನ್ಯಾಯ ಇಲಾಖೆ ಹೇಳುವವರೆಗೂ ಸಂಸ್ಥೆಗೆ ಕಳವಿನ ಸ್ವರೂಪ ತಿಳಿಯಲಿಲ್ಲ. ಡಿಸೆಂಬರ್ 19ರಂದು ಅದು ವಿಷಯವನ್ನು ಪ್ರಕಟಿಸಿತು. ಕಳುವಾದ ಕಾರ್ಡುಗಳ ವಿವರ 4 ಕೋಟಿ. ಹೆಸರು, ವಿಳಾಸ, ದೂರವಾಣಿ ಮೊದಲಾದ ವಿವರಗಳನ್ನು ಕಳೆದುಕೊಂಡ ಗಿರಾಕಿಗಳು 7 ಕೋಟಿಯವರೆಗೆ. 2014ರ ಮೇ ತಿಂಗಳಲ್ಲಿ ಸಂಸ್ಥೆಯ ಮುಖ್ಯಾಧಿಕಾರಿ ಗ್ರೆಗ್ ಸ್ಟೈನ್‌ಹಾಫೆಲ್ ಹುದ್ದೆ ಬಿಟ್ಟರು. 2017ರಲ್ಲಿ 47 ರಾಜ್ಯಗಳೊಡನೆ ಆದ ಒಪ್ಪಂದದಂತೆ ಸಂಸ್ಥೆ 1 ಕೋಟಿ 85 ಲಕ್ಷ ಡಾಲರ್ ತೆರಬೇಕಾಯಿತು.

ಬೆಂಗಳೂರಿನಲ್ಲಿ ಆ ಎಚ್ಚರಿಕೆಯನ್ನು ಕಂಡು ಮುಂದಕ್ಕೆ ಕಳುಹಿಸಿದವರ ಹೆಸರು ಎಲ್ಲಿಯೂ ಬರಲಿಲ್ಲ. ಅವರು ಕೂಗಿದ್ದರು. ಊರು ಏಳಲಿಲ್ಲ.

ಏಕೆ ಕೇಳಿಸಲಿಲ್ಲ?

"ಅಲ್ಲಿದ್ದವರು ಸೋಮಾರಿಗಳು" ಎಂದು ತೀರ್ಪು ಕೊಡುವುದು ಸುಲಭ. ಆದರೆ ಇತಿಹಾಸದ ವಿದ್ಯಾರ್ಥಿ ಅಷ್ಟಕ್ಕೆ ತೃಪ್ತನಾಗಬಾರದು. ಸಂಸ್ಥೆಯು ಆ ಬಳಿಕ ಕೊಟ್ಟ ವಿವರಣೆಯ ಸಾರಾಂಶ ಇಷ್ಟು: ಕಳ್ಳರ ಚಟುವಟಿಕೆಯ ಒಂದು ಸಣ್ಣ ಭಾಗ ನಮ್ಮ ತಂಡದ ಕಣ್ಣಿಗೆ ಬಿತ್ತು, ಅದನ್ನು ಪರಿಶೀಲಿಸಿ, ಕೂಡಲೇ ಮುಂದುವರಿಯಬೇಕಾದ ವಿಷಯವಲ್ಲ ಎಂದು ತಂಡ ತೀರ್ಮಾನಿಸಿತು. ಹಾಗಾದರೆ ಅಂತಹ ತೀರ್ಮಾನ ಹೇಗೆ ಹುಟ್ಟುತ್ತದೆ? ಸ್ವಲ್ಪ ಗಣಿತ ಮಾಡೋಣ.

ಒಂದು ಜಾಲದಲ್ಲಿ ದಿನಕ್ಕೆ 10 ಲಕ್ಷ ದಾಖಲೆಗಳು ಬರುತ್ತವೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ 10 ಮಾತ್ರ ಕಳ್ಳನವು. ನಿಮ್ಮ ಬಳಿ ಬಹಳ ಒಳ್ಳೆಯ ಗಂಟೆಯೊಂದಿದೆ. ಕಳ್ಳನ ಹತ್ತನ್ನೂ ಅದು ಹಿಡಿಯುತ್ತದೆ. ಸಾಚಾ ದಾಖಲೆಗಳ ವಿಷಯದಲ್ಲಿ ನೂರಕ್ಕೆ ಒಂದು ಬಾರಿ ಮಾತ್ರ ತಪ್ಪಾಗಿ ಬಾರಿಸುತ್ತದೆ. ಪರೀಕ್ಷೆಯಲ್ಲಿ 99 ಅಂಕ! ಆದರೆ 10 ಲಕ್ಷದಲ್ಲಿ ನೂರಕ್ಕೆ ಒಂದು ಎಂದರೆ ಸುಮಾರು 10,000 ಸುಳ್ಳು ಗಂಟೆಗಳು. ನಿಜವಾದವು 10. ಸಾವಿರ ಬಾರಿ ಗಂಟೆ ಬಾರಿಸಿದರೆ ಒಂದೇ ಒಂದು ಸಲ ಕಳ್ಳ ಇರುತ್ತಾನೆ. ಒಂದೊಂದನ್ನು ನೋಡಲು ಒಂದು ನಿಮಿಷ ಸಾಕೆಂದರೂ 10,000 ನಿಮಿಷ ಬೇಕು. ಅದು ಸುಮಾರು 167 ಗಂಟೆ, ಹತ್ತಿರ ಹತ್ತಿರ ಏಳು ಹಗಲು ಏಳು ರಾತ್ರಿ. ಒಂದೇ ದಿನದ ಗಂಟೆಗಳಿಗೆ ಇಷ್ಟು! ಸ್ಟೆಫಾನ್ ಆಕ್ಸೆಲ್ಸನ್ ಎಂಬ ಸಂಶೋಧಕರು 1999ರಲ್ಲೇ ಈ ತೊಡಕನ್ನು ವಿವರಿಸಿದ್ದರು. ಅಪರೂಪದ ಸಂಗತಿಯನ್ನು ಹುಡುಕುವಾಗ ಸುಳ್ಳು ಗಂಟೆಗಳೇ ಮುಖ್ಯ ಶತ್ರು.

'ತೋಳ ಬಂತು ತೋಳ' ಕಥೆಯಲ್ಲಿ ಹುಡುಗ ಬೇಕೆಂದೇ ಸುಳ್ಳು ಹೇಳಿದ. ಇಲ್ಲಿ ಯಂತ್ರ ಪ್ರಾಮಾಣಿಕವಾಗಿಯೇ ಸುಳ್ಳು ಹೇಳುತ್ತದೆ. ಪರಿಣಾಮ ಮಾತ್ರ ಒಂದೇ. ಊರವರ ಕಿವಿ ಮಂದವಾಗುತ್ತದೆ.

ಇನ್ನೊಂದು ಕಾರಣವೂ ಉಂಟು. ಆ ದಿನ ಬಂದ ಎಚ್ಚರಿಕೆಗೆ ಯಂತ್ರ ಕೊಟ್ಟಿದ್ದ ಹೆಸರು 'ಮಾಲ್‌ವೇರ್ ಬೈನರಿ' ಎಂದು. ಅದರರ್ಥ 'ಯಾವುದೋ ಒಂದು ಕೆಟ್ಟ ತಂತ್ರಾಂಶ' ಎಂದಷ್ಟೇ. ಹಳ್ಳಿಯಲ್ಲಿ ಒಬ್ಬನು ನಡುರಾತ್ರಿ "ಏನೋ ಇದೆ!" ಎಂದು ಕೂಗಿದರೆ ಎಷ್ಟು ಮಂದಿ ಏಳುತ್ತಾರೆ? "ಕೆರೆ ಏರಿಯ ಮೇಲೆ ನಾಲ್ಕು ಜನ, ಕೈಯಲ್ಲಿ ಹಗ್ಗ, ಕೊಟ್ಟಿಗೆಯ ಕಡೆ ಬರುತ್ತಿದ್ದಾರೆ" ಎಂದು ಕೂಗಿದರೆ ಎಷ್ಟು ಮಂದಿ ಏಳುತ್ತಾರೆ? ಈ ಎರಡು ಕೂಗುಗಳ ನಡುವಿನ ವ್ಯತ್ಯಾಸವನ್ನು ಅಳಿಸುವುದೇ ಅಪಾಯ ಪತ್ತೆಯ ಎಂಜಿನಿಯರನ ಕೆಲಸ.

ಆ ಕೆಲಸದ ಬಗೆ

ಹಾಗಾದರೆ ಈ ಎಂಜಿನಿಯರ್ ದಿನವಿಡೀ ಏನು ಮಾಡುತ್ತಾನೆ, ಏನು ಮಾಡುತ್ತಾಳೆ? ಪರದೆಯನ್ನು ನೋಡುತ್ತ ಕುಳಿತಿರುವವರು ಬೇರೆ, ಅವರು ವಿಶ್ಲೇಷಕರು. ಪರದೆಯ ಮೇಲೆ ಯಾವ ಗಂಟೆ ಯಾವಾಗ ಬಾರಿಸಬೇಕೆಂಬ ನಿಯಮವನ್ನು ರಚಿಸುವವರು ಪತ್ತೆಯ ಎಂಜಿನಿಯರುಗಳು. ಅವರ ಕೆಲಸದಲ್ಲಿ ಐದು ಹೆಜ್ಜೆಗಳನ್ನು ಕಾಣಬಹುದು.

ಮೊದಲನೆಯದು, ಕಳ್ಳನ ಕಣ್ಣಿನಿಂದ ಯೋಚಿಸುವುದು. ಹವಾನಿಯಂತ್ರಣದ ಗುತ್ತಿಗೆದಾರನ ಗುಪ್ತಪದ ನನ್ನ ಕೈಗೆ ಸಿಕ್ಕರೆ ನಾನು ಎಲ್ಲಿಗೆ ಹೋಗುತ್ತಿದ್ದೆ? ಎರಡನೆಯದು, ಆ ನಡೆ ಯಾವ ದಾಖಲೆಯಲ್ಲಿ ಗುರುತು ಬಿಡುತ್ತದೆ ಎಂದು ಹುಡುಕುವುದು. ದಾಖಲೆಯೇ ಇಲ್ಲದಿದ್ದರೆ ಮೊದಲು ಅದನ್ನು ಬರೆದಿಡುವ ಏರ್ಪಾಡು ಮಾಡಬೇಕು. ಮೂರನೆಯದು, ನಿಯಮ ಬರೆಯುವುದು: ಬಿಲ್ಲು ಸಲ್ಲಿಸಲಷ್ಟೇ ಬರುವ ಖಾತೆ ಬೇರೆ ಯಂತ್ರಗಳ ಬಾಗಿಲು ತಟ್ಟಿದರೆ ಗಂಟೆ ಬಾರಿಸಲಿ. ನಾಲ್ಕನೆಯದು, ಆ ನಿಯಮವನ್ನು ಹಳೆಯ ದಾಖಲೆಗಳ ಮೇಲೆ ಓಡಿಸಿ ಎಷ್ಟು ಸುಳ್ಳು ಗಂಟೆ ಬರುತ್ತವೆ ಎಂದು ಎಣಿಸುವುದು. ಐದನೆಯದು, ಗಂಟೆ ಬಾರಿಸಿದಾಗ ಓದುವವನಿಗೆ ಒಂದು ಟಿಪ್ಪಣಿ ಬರೆದಿಡುವುದು. ಏನಾಯಿತು, ಇದು ಏಕೆ ಅಪಾಯ, ಸಾಚಾ ಕಾರಣ ಏನಿರಬಹುದು, ಮೊದಲು ಯಾವುದನ್ನು ಪರೀಕ್ಷಿಸಬೇಕು, ಯಾರಿಗೆ ಕರೆ ಮಾಡಬೇಕು. ಈ ಐದನೆಯ ಹೆಜ್ಜೆಯನ್ನು ಎಷ್ಟೋ ಮಂದಿ ಲಘುವಾಗಿ ಕಾಣುತ್ತಾರೆ. 2013ರ ಪಾಠ ಗೊತ್ತಿರುವವರು ಹಾಗೆ ಕಾಣಲಾರರು.

ನಿಯಮ ಬರೆಯುವಾಗ ಇನ್ನೊಂದು ವಿವೇಕ ಬೇಕು. ದ್ವಿಚಕ್ರ ವಾಹನ ಕದಿಯುವವನನ್ನು ಅವನ ವಾಹನದ ಸಂಖ್ಯೆಯಿಂದ ಹುಡುಕಬಹುದು. ಅವನು ಫಲಕ ಬದಲಿಸಿದರೆ ಮುಗಿಯಿತು. ಆದರೆ ಬೀಗ ಮುರಿಯುವ ಅವನ ಕೈಚಳಕವನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಡೇವಿಡ್ ಬಿಯಾಂಕೊ ಎಂಬ ತಜ್ಞರು 2013ರಲ್ಲಿ ಇದನ್ನು ಒಂದು ಪಿರಮಿಡ್ಡಿನ ಚಿತ್ರವಾಗಿ ಬರೆದು ತೋರಿಸಿದರು. ತಳದಲ್ಲಿ ಕಳ್ಳನು ಕ್ಷಣಮಾತ್ರದಲ್ಲಿ ಬದಲಿಸಬಲ್ಲ ಗುರುತುಗಳು, ತುದಿಯಲ್ಲಿ ಅವನ ಅಭ್ಯಾಸಗಳು. ಅಭ್ಯಾಸವನ್ನು ಹಿಡಿಯುವ ನಿಯಮವೇ ಬಹುಕಾಲ ಬಾಳುತ್ತದೆ. ಅಮೆರಿಕದ ಮೈಟರ್ ಸಂಸ್ಥೆ ಕಳ್ಳರ ಇಂತಹ ಅಭ್ಯಾಸಗಳನ್ನು ಪಟ್ಟಿ ಮಾಡಿ 2015ರಲ್ಲಿ 'ಅಟ್ಯಾಕ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಇಂದು ನಮ್ಮ ಎಂಜಿನಿಯರುಗಳ ಮೇಜಿನ ಮೇಲೆ ಅದು ಪಂಚಾಂಗದ ಹಾಗೆ ಇರುತ್ತದೆ.

ಪೀಣ್ಯವನ್ನು ಕಾಯುವವರು ಯಾರು?

ಟಾರ್ಗೆಟ್ ಪ್ರಕರಣದಲ್ಲಿ ಕಳ್ಳರು ಬಳಸಿದ್ದು ಗುತ್ತಿಗೆದಾರನ ಬಾಗಿಲು ಎಂಬುದನ್ನು ಮರೆಯಬೇಡಿ. ಬೆಂಗಳೂರೆಂದರೆ ಲೋಕದ ದೊಡ್ಡ ಗುತ್ತಿಗೆದಾರ. ಆದ್ದರಿಂದ ಕಳ್ಳರ ಕಣ್ಣು ಕಾವಲುಗಾರನ ಮನೆಯ ಮೇಲೂ ಇರುತ್ತದೆ. 2019ರ ಏಪ್ರಿಲ್‌ನಲ್ಲಿ ಸರ್ಜಾಪುರ ರಸ್ತೆಯ ವಿಪ್ರೊ ಸಂಸ್ಥೆಯು, ಮೋಸದ ಮಿಂಚಂಚೆಗಳಿಂದಾಗಿ ತನ್ನ ಕೆಲವು ನೌಕರರ ಖಾತೆಗಳಲ್ಲಿ ಅಸಹಜ ಚಟುವಟಿಕೆ ಕಂಡುಬಂದಿದೆ ಎಂದು ಒಪ್ಪಿಕೊಂಡಿತು. ಅದರ ಗಿರಾಕಿ ಸಂಸ್ಥೆಗಳನ್ನು ತಲುಪಲು ಕಳ್ಳರು ಯತ್ನಿಸಿದ್ದರೆಂದು ಪತ್ರಕರ್ತ ಬ್ರಯನ್ ಕ್ರೆಬ್ಸ್ ವರದಿ ಮಾಡಿದ್ದರು.

ದೊಡ್ಡ ಸಂಸ್ಥೆಗಳಿಗೆ ಕಾವಲು ತಂಡಗಳಿವೆ. ಪೀಣ್ಯದ ಎರಡನೆಯ ಹಂತದಲ್ಲಿ ಹದಿನೈದು ಜನರನ್ನು ಇಟ್ಟುಕೊಂಡು ಬಿಡಿಭಾಗ ತಯಾರಿಸುವ ಮಾಲೀಕನಿಗೆ ಯಾರಿದ್ದಾರೆ? ಅವನ ಲೇತುಗಳೂ ಈಗ ಗಣಕಯಂತ್ರದ ಆಜ್ಞೆಯಂತೆ ತಿರುಗುತ್ತವೆ. ಅವನ ನಕ್ಷೆ, ಲೆಕ್ಕ, ಬ್ಯಾಂಕು ಎಲ್ಲವೂ ಒಂದೇ ಯಂತ್ರದಲ್ಲಿರುತ್ತವೆ. 2017ರ ಮೇ 12ರಂದು 'ವಾನ್ನಕ್ರೈ' ಎಂಬ ಒತ್ತೆಹಣದ ಹುಳು ಹೊರಬಿದ್ದು ಸುಮಾರು 150 ದೇಶಗಳಿಗೆ ಹರಡಿತು. ಅದು ನುಗ್ಗಿದ ರಂಧ್ರವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಮರುವರ್ಷದ ಆಗಸ್ಟ್‌ನಲ್ಲಿ ತೈವಾನಿನ ಬೃಹತ್ ಚಿಪ್ ತಯಾರಕ ಸಂಸ್ಥೆ ಟಿಎಸ್‌ಎಂಸಿಯ ಕಾರ್ಖಾನೆಗಳು ಇದೇ ಹುಳುವಿನ ಒಂದು ಬಗೆಯಿಂದ ಸ್ಥಗಿತಗೊಂಡವು. ಹೊಸ ಯಂತ್ರವೊಂದನ್ನು ಸರಿಯಾಗಿ ಪರೀಕ್ಷಿಸದೆ ಜಾಲಕ್ಕೆ ಜೋಡಿಸಿದ್ದೇ ಕಾರಣ. ಅಂತಹ ಸಂಸ್ಥೆಗೇ ಹೀಗಾದರೆ ಪೀಣ್ಯದ ಒಂಟಿ ಶೆಡ್ಡಿನ ಗತಿಯೇನು?

ಸರ್ಕಾರ ಕೆಲವು ಹೆಜ್ಜೆಗಳನ್ನಿಟ್ಟಿದೆ. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಂತೆ ಸೈಬರ್ ದಾಳಿಯನ್ನು ಗಮನಿಸಿದ 6 ಗಂಟೆಗಳೊಳಗೆ ವರದಿ ಮಾಡಬೇಕು. ದಾಖಲೆಗಳನ್ನು 180 ದಿನ ಕಾಪಾಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ರಾಜ್ಯ ಸರ್ಕಾರದ ಸೈಬರ್ ಭದ್ರತಾ ಶ್ರೇಷ್ಠತಾ ಕೇಂದ್ರ ರೂಪುಗೊಂಡಿತು. ಹಣ ಕಳೆದುಕೊಂಡ ನಾಗರಿಕರಿಗೆ 1930 ಎಂಬ ಸಹಾಯವಾಣಿ ಇದೆ. ಆದರೆ ಗಮನಿಸಿದ ಮೇಲಲ್ಲವೇ ವರದಿ ಮಾಡುವುದು? ಗಮನಿಸುವ ಕಣ್ಣೇ ಇಲ್ಲದ ಕಡೆ 6 ಗಂಟೆಯ ನಿಯಮ ಆರಂಭವಾಗುವುದೇ ಇಲ್ಲ. ಬೆಂಗಳೂರು ದೂರದ ಮಿನಿಯಾಪೊಲಿಸ್ಸಿನ ಅಂಗಡಿಗಳನ್ನು ಕಾಯಬಲ್ಲುದಾದರೆ ತುಮಕೂರು ರಸ್ತೆಯ ಕಾರ್ಖಾನೆಗಳನ್ನು ಕಾಯಲು ಏಕೆ ಸಾಧ್ಯವಾಗಬಾರದು? ಇದು ನಿಮ್ಮ ಪೀಳಿಗೆಯ ಮುಂದಿರುವ ಪ್ರಶ್ನೆ.

ನೀವೂ ಮಾಡಿ ನೋಡಿ

ಇದಕ್ಕೆಲ್ಲ ದುಬಾರಿ ಯಂತ್ರ ಬೇಕೆಂದು ತಿಳಿಯಬೇಡಿ. ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಏಳು ದಿನ, ಪ್ರತಿದಿನ ಒಂದೇ ಹೊತ್ತಿನಲ್ಲಿ, ನಿಮ್ಮ ಮನೆಯ ಅಥವಾ ವಿದ್ಯಾರ್ಥಿನಿಲಯದ ವಿದ್ಯುತ್ ಮೀಟರಿನ ಅಂಕಿ ಬರೆದಿಡಿ. ದಿನಕ್ಕೆ ಎಷ್ಟು ಖರ್ಚಾಗುವುದು ರೂಢಿ ಎಂದು ಲೆಕ್ಕ ಹಾಕಿ. ಎಂಟನೆಯ ದಿನದಿಂದ, ಎಷ್ಟು ಹೆಚ್ಚಾದರೆ ಗಂಟೆ ಬಾರಿಸಬೇಕೆಂದು ನೀವೇ ಒಂದು ನಿಯಮ ಮಾಡಿ. ನಿಯಮ ಬಿಗಿಯಾದರೆ ದಿನವೂ ಗಂಟೆ ಬಾರಿಸುತ್ತದೆ, ಮನೆಯವರು ಬೇಸರಪಡುತ್ತಾರೆ. ಸಡಿಲವಾದರೆ ರಾತ್ರಿಯಿಡೀ ಉರಿದ ಗೀಜರೂ ತಪ್ಪಿಸಿಕೊಳ್ಳುತ್ತದೆ. ಗಂಟೆ ಬಾರಿಸಿದ ದಿನ ತಾಯಿಗೋ ಮೇಲ್ವಿಚಾರಕರಿಗೋ ಎರಡು ಸಾಲಿನ ಟಿಪ್ಪಣಿ ಬರೆಯಿರಿ. ಏನಾಯಿತು, ರೂಢಿಗಿಂತ ಎಷ್ಟು ಹೆಚ್ಚು, ಮೊದಲು ಎಲ್ಲಿ ನೋಡಬೇಕು. ಅವರು ಎದ್ದು ಹೋಗಿ ನೋಡಿದರೆ ನಿಮ್ಮ ಟಿಪ್ಪಣಿ ಗೆದ್ದಿತೆಂದು ತಿಳಿಯಿರಿ.

ಅಪಾಯ ಪತ್ತೆಯ ಎಂಜಿನಿಯರ್ ಆಗಲು ಗಣಕ ವಿಜ್ಞಾನ ಬೇಕು, ಸಂಖ್ಯಾಶಾಸ್ತ್ರ ಬೇಕು. ಅವುಗಳಷ್ಟೇ ಮುಖ್ಯವಾಗಿ, ಕಂಡದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಎರಡು ಸಾಲಿನಲ್ಲಿ ಬರೆಯುವ ಭಾಷೆ ಬೇಕು. ಭಾಷಾ ಪಾಠವನ್ನು ಅಂಕಕ್ಕಾಗಿ ಮಾತ್ರ ಓದುವವರು ಇದನ್ನು ಗಮನಿಸಲಿ. 2013ರ ನವೆಂಬರ್ 30ರಂದು ಯಂತ್ರ ಕಂಡಿತ್ತು, ಬೆಂಗಳೂರಿನ ಮನುಷ್ಯರೂ ಕಂಡಿದ್ದರು. ಕಂಡದ್ದು ಮತ್ತೊಬ್ಬರ ಮನಸ್ಸಿಗೆ ನಾಟಲಿಲ್ಲ.

ಮುಂದೆ ಎಂದಾದರೂ ಬೇಗೂರಿಗೆ ಹೋದರೆ ಆ ಶಾಸನವನ್ನು ನೋಡಿ. ಕಾಳಗದಲ್ಲಿ ಮಡಿದವನಿಗೆ ನಮಸ್ಕರಿಸಿ. ಕಲ್ಲು ಸಿಗದ ತಳವಾರನನ್ನೂ ಒಂದು ಗಳಿಗೆ ನೆನೆಯಿರಿ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಮಹಡಿಯಲ್ಲಿ, ಅವನ ಕೆಲಸವನ್ನು ಮಾಡುತ್ತಿರುವವರು ಈಗಲೂ ಎಚ್ಚರವಾಗಿದ್ದಾರೆ.